ಸದ್ದಿಲ್ಲದ ಲ್ಯಾಪ್‌ಟಾಪ್

ಸೆಪ್ಟೆಂಬರ್ 13, ಶನಿವಾರ. ಬನಶಂಕರಿ ಪಿಜಿ.

ಅಮ್ಮ ನನಗೆ ಕೊಟ್ಟಿರೋ ಅವಳ ಹಳೇ ಲ್ಯಾಪ್‌ಟಾಪ್ ರಿಪೇರಿಯಿಂದ ಬಂತು. ಪ್ರೊಸೆಸರ್ ಬೋರ್ಡಿಗೇ ಅಂಟಿರುತ್ತೆ, ಎರಡೂ ಒಟ್ಟಿಗೇ ಬದಲಾಯಿಸಬೇಕು ಅಂದಿದ್ರು ಜಯನಗರದ ಅಂಗಡಿಯ ಭಾರ್ಗವಣ್ಣ. ಫ್ಯಾನೂ ಹೊಸದು. ಈಗ ಸಖತ್ ಫಾಸ್ಟ್, ಸೋಮವಾರದ ಲ್ಯಾಬ್ ಟೆನ್ಶನ್ ಇಲ್ಲ. ಸದ್ದೂ ಇಲ್ಲ. ಅದೇ ಕಷ್ಟ.

ಏಳು ವರ್ಷ ಸ್ಕೂಲ್ ಹಾಸ್ಟೆಲ್ಲಲ್ಲಿದ್ದಾಗ ಅಮ್ಮ ಪ್ರತಿ ಶನಿವಾರ ಇದರಿಂದಲೇ ವಿಡಿಯೋ ಕಾಲ್ ಮಾಡ್ತಿದ್ಲು. ಫ್ಯಾನ್ ಗೊರಗೊರ ಅಂತಿತ್ತು, ಅದನ್ನ ಮೀರಿಸಿ ಅವಳು ಕೂಗ್ತಿದ್ಲು. ನನಗೆ ಮನೆ ಅಂದ್ರೆ ಆ ಗೊರಗೊರ.

"ಹಳೇ ಫ್ಯಾನ್ ಕೊಡ್ತೀರಾ ಅಣ್ಣ?" ಅಂದೆ ಅಂಗಡಿಯಲ್ಲಿ.

"ಯಾಕೆ ಮಗಾ, ಮ್ಯೂಸಿಯಂ ಇಡ್ತೀಯಾ?" ಅಂತ ನಕ್ಕು ಕೊಟ್ರು.

ಈಗಷ್ಟೇ ಇದರಿಂದಲೇ ಅಮ್ಮನ ಫೋನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಹಳೇ ಅಭ್ಯಾಸದಲ್ಲಿ ಕಿರುಚ್ತಾನೇ ಇದ್ಲು: "ಊಟ ಆಯ್ತೇನೋ?"

ಮೆಲ್ಲಗೆ ಮಾತಾಡಿದ್ರೂ ಕೇಳುತ್ತೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ನಾನೂ ಜೋರಾಗಿ ಕೂಗಿದೆ, "ಆಯ್ತಮ್ಮಾ!"