ಕಾರ್ಕಳದ ಬಸ್ ಚಾರ್ಜು

ಶಿರ್ವ,
9 ಆಗಸ್ಟ್ 1964, ಭಾನುವಾರ

ಮಗಳು ಝೀಟಾಳಿಗೆ ಅಪ್ಪನ ಮುದ್ದು.

ನಿನ್ನ ಕಾಗದ ಬಂದು ಮೂರು ವಾರ ಆಯಿತು. ಉತ್ತರ ತಡವಾದದ್ದಕ್ಕೆ ಮಳೆಯ ಮೇಲೆ ತಪ್ಪು ಹಾಕಬಹುದಿತ್ತು. ಆದರೆ ಅಂಚೆಯವನು ದಿನಾ ಬರುತ್ತಾನೆ, ಶಾಯಿಯೂ ಉಂಟು. ತಡವಾದದ್ದು ನಿನ್ನ ಕೈಖರ್ಚಿನ ಪಟ್ಟಿಯ ಕೊನೆಯ ಸಾಲಿನಿಂದ. ‘ಕಾರ್ಕಳಕ್ಕೆ, ಅಕ್ಕನ ಮನೆಗೆ ಹೋಗಿಬರಲು ಬಸ್ ಚಾರ್ಜು’ ಅಂತ ಬರೆದಿದ್ದೀಯ. ಅಬ್ಬಾ ನಿನ್ನ ಧೈರ್ಯವೇ! ಲೊರ್ನಾ ಹೋದ ಮೇಲೆ ಮೂರು ವರ್ಷ ಈ ಮನೆಯಲ್ಲಿ ನಾನು ಅವಳ ಹೆಸರೆತ್ತಿಲ್ಲ ಎಂದು ಗೊತ್ತಿದ್ದೂ ಬರೆದಿದ್ದೀಯ. ಅದನ್ನು ಆಮೇಲೆ ನೋಡೋಣ. ಮೊದಲು ಉಳಿದ ಲೆಕ್ಕ ಮುಗಿಯಲಿ.

ಈ ಕಾಗದವನ್ನು ಕೊಂಕಣಿಯಲ್ಲಿ ಬರೆಯಬಾರದೇ ಎಂದು ನಿನ್ನ ಅಮ್ಮ ಕೇಳಿದಳು. ಕೊಂಕಣಿಯಲ್ಲಿ ಬರೆದರೆ ಸಲಿಗೆ ಜಾಸ್ತಿಯಾಗುತ್ತದೆ, ದುಡ್ಡಿನ ಮಾತಿಗೆ ಕನ್ನಡವೇ ವಾಸಿ ಎಂದೆ. ನಕ್ಕು ಒಳಗೆ ಹೋದಳು. ಅವಳ ಮಂಡಿನೋವು ಈಗ ಕಡಿಮೆ. ಹಸು ಹೆಣ್ಣುಕರು ಹಾಕಿದೆ, ಇಡೀ ದಿನ ಅದರ ಹಿಂದೆಯೇ ಇದ್ದಾಳೆ.

ಮಕ್ಕಳು ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡ ವರ್ಷ ಒಬ್ಬೊಬ್ಬರ ಹೆಸರಿನಲ್ಲಿ ಹತ್ತು ಮಲ್ಲಿಗೆ ಗಿಡ ನೆಟ್ಟವನು ನಾನು. ಯಾರ ಗಿಡವೋ ಅವರ ದುಡ್ಡು ಎಂದು ಕಾನೂನು ಮಾಡಿದವನೂ ನಾನೇ. ಹಾಗಾಗಿ ಉಡುಪಿಯ ಹಾಸ್ಟೆಲಿನ ಫೀಸು ನನ್ನದು, ಕೈಖರ್ಚು ನಿನ್ನ ಗಿಡಗಳದ್ದು. ಅದರಲ್ಲಿ ತಕರಾರಿಲ್ಲ. ಆದರೆ ಮಾರಾಯ್ತಿ, ಕಾಲೇಜು ಮೆಟ್ಟಿಲು ಹತ್ತಿದವಳು ಮೇ ತಿಂಗಳ ಹೂವಿನ ದುಡ್ಡನ್ನು ಹನ್ನೆರಡರಿಂದ ಗುಣಿಸಿ ವರ್ಷದ ಬಜೆಟ್ಟು ಮಾಡುವುದೆಂತ? ಮೇ ತಿಂಗಳಲ್ಲಿ ಊರಿಡೀ ಮದುವೆ. ಈಗ ಆಟಿ ತಿಂಗಳು, ತುಳುವರ ಮನೆಗಳಲ್ಲಿ ಒಂದು ಶುಭಕಾರ್ಯ ಇಲ್ಲ, ಮಳೆಗೆ ಗಿಡದಲ್ಲಿ ಮೊಗ್ಗೂ ಇಲ್ಲ. ಎರಡು ರೂಪಾಯಿಗೆ ಹೋಗುತ್ತಿದ್ದ ಒಂದು ಅಟ್ಟೆ ಹೂವಿಗೆ ಈಗ ಎಂಟಾಣೆ ಕೇಳಿದರೆ ಹೂವಿನ ಏಜೆಂಟ ಎಡ್ಮಂಡ್ ನನ್ನನ್ನು ಸಾಲಗಾರನನ್ನು ನೋಡಿದ ಹಾಗೆ ನೋಡುತ್ತಾನೆ. ನಿನ್ನ ಲೆಕ್ಕ ನೋಡಿ ನಾನು ಒಬ್ಬನೇ ಕೂತು ನಕ್ಕೆ. ಮಲ್ಲಿಗೆಯವರ ಮನೆಯ ಹುಡುಗಿ ಬೇಸಿಗೆಯಲ್ಲಿ ಕೈ ಬಿಗಿಹಿಡಿದು ಮಳೆಗಾಲಕ್ಕೆ ಇಟ್ಟುಕೊಳ್ಳಬೇಕು. ಈ ವರ್ಷದ ಕೊರತೆಯನ್ನು ನಾನು ತುಂಬುತ್ತೇನೆ, ಬರುವ ವರ್ಷ ತುಂಬುವುದಿಲ್ಲ.

ತಲೆಗೆಣ್ಣೆಗೆ ದುಡ್ಡು ಯಾಕೆ? ನಮ್ಮ ತೆಂಗಿನ ಮರಗಳು ಇನ್ನೂ ನಿಂತಿವೆ, ಅಮ್ಮ ಬಾಟ್ಲಿಯಲ್ಲಿ ತುಂಬಿಸಿ ಕಳಿಸುತ್ತಾಳೆ. ಸಾಬೂನು ಸರಿ. ಗೆಳತಿಯರ ಜೊತೆ ಮಣಿಪಾಲ ನೋಡಲು ಹೋಗುವುದಕ್ಕೆ ನನ್ನ ಅಡ್ಡಿಯಿಲ್ಲ. ಹೋಗುವಾಗ ಬಸ್ಸು ಹತ್ತಿ, ಬರುವಾಗ ಇಳಿಜಾರು, ನಡೆದೇ ಬನ್ನಿ. ಇನ್ನು ನಿನ್ನ ರೂಮಿನ ಸೋಫಿಯಾಳ ಜೊತೆ ವಾರವಾರ ಮಸಾಲೆ ದೋಸೆ. ತಿಂಗಳಿಗೆ ಎರಡು ಸಾಕು ಅಂತ ಗೀಟು ಹಾಕಿದ್ದೆ. ಅಮ್ಮ ನೋಡಿ, ನೀವು ಉಡುಪಿಗೆ ಹೋಗಿ ದೋಸೆ ತಿನ್ನದೆ ಬಂದದ್ದು ಯಾವ ಕಾಲದಲ್ಲಿ ಎಂದು ಕೇಳಿದಳು. ಸರಿ, ಎಲ್ಲವೂ ಇರಲಿ. ಸೋಫಿಯಾ ಮಾತ್ರ ತನ್ನದನ್ನು ತಾನೇ ಕೊಡಲಿ.

ಇನ್ನು ಕಾರ್ಕಳ. ಅದಕ್ಕೆ ಮೊದಲ ದಿನವೇ ಎರಡು ಗೀಟು ಹಾಕಿದ್ದೆ. ಸುಂದರ ನಮ್ಮ ಅಂಗಳಕ್ಕೆ ಹೂವು ಒಯ್ಯಲು ಬರುತ್ತಿದ್ದವನು. ಲೆಕ್ಕದಲ್ಲಿ ಒಂದು ಮೊಗ್ಗಿನ ಮೋಸ ಇಲ್ಲದ ಹುಡುಗ ಅಂತ ಊರಿಗೆಲ್ಲ ಹೊಗಳಿದವನು ನಾನು. ಅವನನ್ನೇ ಮದುವೆಯಾಗುತ್ತೇನೆ ಎಂದು ಲೊರ್ನಾ ಬಂದು ನಿಂತಾಗ, ಜಾತಿ ಬೇರೆ, ದೇವರು ಬೇರೆ, ಹೊಸಿಲು ದಾಟಿದರೆ ಮತ್ತೆ ಬರಬೇಡ ಎಂದೆ. ದಾಟಿದಳು. ನನ್ನ ಮಗಳಲ್ಲವಾ, ಹಠ ಎಲ್ಲಿಂದ ಬರಬೇಕು. ಈಗ ಕಾರ್ಕಳದ ಪೇಟೆಯಲ್ಲಿ ಅವರದ್ದು ಹೂವಿನ ಅಂಗಡಿ ಉಂಟಂತೆ, ಒಂದು ಗಂಡುಮಗುವೂ ಉಂಟಂತೆ. ಎಡ್ಮಂಡ್ ಬೇಕೆಂದೇ ನನ್ನ ಕಿವಿಗೆ ಬೀಳುವ ಹಾಗೆ ಹೇಳುತ್ತಿರುತ್ತಾನೆ.

ಆ ಗೀಟು ನೋಡಿ ಅಮ್ಮ ಪಟ್ಟಿಯನ್ನು ಮಡಚಿಟ್ಟಳು. ನಿನ್ನೆ ಬಾಳೆನಾರಿನಲ್ಲಿ ಹೂವು ಕಟ್ಟುತ್ತಾ ಕೂತಿದ್ದವಳು ತಲೆಯೆತ್ತದೆ ಕೇಳಿದಳು.

“ಯಾರ ಗಿಡವೋ ಅವರ ದುಡ್ಡು ಅಂತ ಹೇಳಿದ್ದು ನೀವೇ ಅಲ್ವಾ? ಅವಳ ದುಡ್ಡಿನಲ್ಲಿ ಅವಳು ಅಕ್ಕನ ಮನೆಗೆ ಹೋಗುತ್ತಾಳೆ. ಗೀಟು ಹಾಕಲಿಕ್ಕೆ ನೀವು ಯಾರು?”

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹೀಗೆ ಕೇಳಿದ್ದಿಲ್ಲ. ನಾನು ಹಟ್ಟಿಗೆ ಹೋಗಿ ಕರುವಿನ ಮೈ ಉಜ್ಜುತ್ತಾ ನಿಂತೆ. ಒಳಗೆ ಬಂದು, ನೀನೂ ಹೋಗುತ್ತೀಯಾ ಎಂದು ಕೇಳಿದೆ. ಅವಳಿಗೆ ಕಣ್ಣು ತುಂಬಿ ಬಂತು.

ಆದ್ದರಿಂದ ಬಸ್ ಚಾರ್ಜು ಮಂಜೂರು. ಮುಂದಿನ ಶನಿವಾರ ಆಗಸ್ಟ್ ಹದಿನೈದು, ನಿನಗೂ ರಜೆ. ಬೆಳಗಿನ ಪೂಜೆ ಮುಗಿಸಿ ಅಮ್ಮ ಉಡುಪಿಗೆ ಬರುತ್ತಾಳೆ, ಬಸ್ ನಿಲ್ದಾಣದಲ್ಲಿ ಕಾದಿರು. ಅವಳ ಟಿಕೇಟನ್ನು ನಿನ್ನ ಲೆಕ್ಕಕ್ಕೆ ಬರೆಯಬೇಡ, ಅದು ನನ್ನದು. ಮಗುವಿನ ಮನೆಗೆ ಬರಿಗೈಯಲ್ಲಿ ಹೋಗಬೇಡಿ, ಬಿಸ್ಕತ್ತು ತೆಗೆದುಕೊಳ್ಳಿ.

ಚೆನ್ನಾಗಿ ಓದು, ಹೊಟ್ಟೆ ತುಂಬ ಊಟ ಮಾಡು. ಮರಿಯಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಅಪ್ಪ,
ಫೌಸ್ಟಿನ್

ತಾ.ಕ.: ಅಮ್ಮನನ್ನು ಬಿಡಲು ಉಡುಪಿಯ ತನಕ ನಾನೂ ಬರುತ್ತೇನೆ. ಕಾರ್ಕಳಕ್ಕೂ ಬನ್ನಿ ಅಂತ ಒತ್ತಾಯ ಮಾಡಬೇಡ. ನನಗೆ ಕೋಪ ಇಲ್ಲ ಝೀಟಾ, ಅದು ಮೊದಲ ವರ್ಷವೇ ಹೋಯಿತು. ಅವಳ ಎದುರು ನಿಂತು ಮೊದಲ ಮಾತು ಎಂತ ಆಡುವುದು ಅಂತ ಗೊತ್ತಾಗದೆ ಹಾಗೇ ಕೂತೆ. ಹೋದ ವಾರ ಕಾಪುವಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸನ್ನು ನೋಡಿ ‘ಲೊರ್ನಾ’ ಅಂತ ಜೋರಾಗಿ ಕರೆದುಬಿಟ್ಟೆ. ತಿರುಗಿದರೆ ಬೇರೆ ಯಾರೋ. ಬಸ್ಸಿನವರೆಲ್ಲ ನನ್ನನ್ನು ನೋಡಿದರು. ಕಾಪು ಬರುವ ಮೊದಲೇ ಇಳಿದು ನಡೆದುಹೋದೆ. ಅಮ್ಮನಿಗೆ ಹೇಳಿಲ್ಲ. ಆ ಮಗು ಸುಂದರನ ಅಪ್ಪನನ್ನು ಅಜ್ಜ ಎಂದು ಕರೆಯುತ್ತದಂತೆ. ಇನ್ನೊಬ್ಬ ಅಜ್ಜ ಇದ್ದಾನೆ ಅಂತ ಅದಕ್ಕೆ ಯಾರಾದರೂ ಹೇಳಿದ್ದಾರಾ, ಕೇಳಿ ಬಾ.