ಎದ್ದು ಓಡಾಡಿ ಎಂದವರು ನೀವೇ

ನೀರು ಸರಬರಾಜು ಮಂಡಳಿಯ ದೂರು ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ನೀವು ಏಳಿ ಎಂದಿರಿ, ನಾವು ಎದ್ದೆವು. ಆಮೇಲೆ ಎದ್ದವರನ್ನೇ ಶಿಕ್ಷಿಸಿದಿರಿ. ನನ್ನ ದೂರು ಇಷ್ಟೇ. ಆದರೆ ದಿನವಿಡೀ ಫೋನಿನಲ್ಲಿ ಊರಿನ ದೂರು ಕೇಳುವ ನನಗೆ ಗೊತ್ತು, 'ಇಷ್ಟೇ' ಎಂದು ಶುರುವಾದದ್ದು ಅಷ್ಟಕ್ಕೇ ಮುಗಿಯುವುದಿಲ್ಲ.

ಕಳೆದ ವರ್ಷ ನಮ್ಮ ಕೋಣೆಗೆ ಬಂದದ್ದು ನೆನಪಿದೆಯೇ? ಮೇಜಿಗೆ ಮೇಜು ಅಂಟಿಕೊಂಡ, ಕಿಟಕಿ ತೆರೆಯಲಾಗದ ಆ ಕೋಣೆಯಲ್ಲಿ ನಿಂತು, "ಬೆಳಗ್ಗಿಂದ ಸಂಜೆವರೆಗೆ ಹೀಗೇ ಕೂತ್ರೆ ಮೈ ಏನಾಗ್ಬೇಡ? ಆಗಾಗ ಎದ್ದು ಓಡಾಡಿ. ಯಾರಾದ್ರೂ ಕೇಳಿದ್ರೆ ನಾನು ಹೇಳಿದ್ದು ಅನ್ನಿ" ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು. ನಮ್ಮಲ್ಲಿ ಹಿರಿಯರಾದ, ನಾವೆಲ್ಲ ಅಕ್ಕ ಎಂದೇ ಕರೆಯುವವರ ಕಣ್ಣು ಒದ್ದೆಯಾಗಿತ್ತು. ಹಿಂದೊಮ್ಮೆ ಅವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಹಳ ಹೊತ್ತು ಕೂರಬೇಡಿ ಎಂದು ವೈದ್ಯರು ಹೇಳಿದ್ದರು. ಅಲ್ಲಿಯವರೆಗೆ ಬಾಟಲಿಗೆ ನೀರು ತುಂಬಿಸುವ ನೆಪದಲ್ಲಿ ಕದ್ದು ಏಳುತ್ತಿದ್ದವರಿಗೆ ನಿಮ್ಮ ಮಾತು ಅಭಯವಾಯಿತು.

ಮರುದಿನದಿಂದ ಅಕ್ಕನೇ ನಮ್ಮ ಮುಂದಾಳು. ಕರೆಗಳ ನಡುವಿನ ಬಿಡುವಿನಲ್ಲಿ ಇಬ್ಬಿಬ್ಬರನ್ನು ಎಬ್ಬಿಸಿಕೊಂಡು ಹೋಗಿ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದರು. ನಿಂತೇ ಮಾತಾಡುವುದನ್ನು ರೂಢಿ ಮಾಡಿಸಿದರು. ಹಿಮ್ಮಡಿ ಎತ್ತಿ ಇಳಿಸುತ್ತ, ಯಾರದೋ ಮನೆಯ ಸೋರುವ ಕೊಳಾಯಿಯ ಬಗ್ಗೆ ಗಂಭೀರವಾಗಿ ವಿಚಾರಿಸುವ ಅವರನ್ನು ನೋಡಿ ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ನನ್ನ ಸೊಂಟನೋವು ಇಳಿಯಿತು. ಕೋಣೆಯ ಸಿಡುಕೂ ಇಳಿಯಿತು.

ಆಮೇಲೆ ನಿಮ್ಮ ಸಹಿಯ ಸುತ್ತೋಲೆ ಬಂತು: ಕುರ್ಚಿ ಬಿಟ್ಟ ಹೊತ್ತೆಲ್ಲ ಗೈರುಹಾಜರಿ. ಲೆಕ್ಕ ಇಡುವುದಕ್ಕೆ ಕಂಪ್ಯೂಟರ್ ಇತ್ತಲ್ಲ, ಎಲ್ಲರಿಗಿಂತ ದೊಡ್ಡ ಕೆಲಸಗಳ್ಳಿ ಅಕ್ಕ ಎಂದು ಅದು ಹೇಳಿತು. ನೀವೇ ಹೇಳಿಕೊಟ್ಟಂತೆ, ಸಾಹೇಬರು ಹೇಳಿದ್ದು ಎಂದರು ಅಕ್ಕ. ಹಾಗೆ ಹೇಳಿದ ನೆನಪು ನಿಮಗಿಲ್ಲವಂತೆ ಎಂದು ಮೇಲ್ವಿಚಾರಕರು ಉತ್ತರ ತಂದರು. ಮಾನ್ಯರೇ, ಚಪ್ಪಾಳೆಯಾದರೂ ಕಿವಿಗೆ ಬಿದ್ದಿರಲಿಲ್ಲವೇ?

ಕಾಯಿಲೆಯ ವಿಷಯ ತಿಳಿಸಿಬಿಡಿ ಎಂದು ನಾನು ಅಕ್ಕನಲ್ಲಿ ಗೋಗರೆದೆ. "ರೋಗಿ ಅಂತ ಗೊತ್ತಾದ್ರೆ ಮನೆಗೇ ಕಳಿಸ್ತಾರೆ ಕಣೇ" ಎಂದರು. ಅಂದಿನಿಂದ ಅವರು ಏಳುವುದನ್ನು ನಿಲ್ಲಿಸಿದರು. ಒಂದು ಮಧ್ಯಾಹ್ನ ಕರೆಯ ನಡುವೆಯೇ ಅವರಿಗೆ ಉಸಿರು ಸಿಕ್ಕಿಕೊಂಡಿತು. ಎದೆ ಹಿಡಿದುಕೊಂಡೇ, ಆ ಕಡೆಯವರಿಗೆ ಸ್ವಲ್ಪ ಇರಿ ಎಂದು ಹೇಳಿ ಮೇಜಿನ ಮೇಲೆ ಒರಗಿದರು. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿತ್ತು. ಎಡೆಬಿಡದೆ ಕೂತದ್ದೂ ಒಂದು ಕಾರಣ ಎಂದರು ವೈದ್ಯರು. ಜೀವ ಉಳಿಯಿತು. ಈಗ ಮಲಗುವ ಕೋಣೆಯಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಏದುಸಿರು. ನೀವು ಹೂಗುಚ್ಛ ಕಳಿಸಿದಿರಿ. ಬೇಗ ಎದ್ದು ಓಡಾಡುವಂತಾಗಲಿ ಎಂಬ ಹಾರೈಕೆಯೂ ಜೊತೆಗಿತ್ತು. ಇದಕ್ಕೆ ನಗಬೇಕೋ ಅಳಬೇಕೋ, ಅದಕ್ಕೂ ಒಂದು ಸುತ್ತೋಲೆ ಹೊರಡಿಸಿ.

ಸುತ್ತೋಲೆಯನ್ನು ಹಿಂದಕ್ಕೆ ಪಡೆಯಿರಿ. ಏಳುವುದು ನಮ್ಮ ಹಕ್ಕು ಎಂದು ಬರೆದು ಕೊಡಿ, ಬಾಯಿಮಾತು ಇನ್ನು ಬೇಡ. ಅಕ್ಕನ ಮೇಲೆ ಹೊರಿಸಿದ ಕೆಲಸಗಳ್ಳಿ ಎಂಬ ಕಳಂಕವನ್ನು ಅಳಿಸಿ.

ಮೊನ್ನೆ ನೋಡಲು ಹೋದಾಗ ನಾನು ನಿಮ್ಮನ್ನು ಬೈದೆ. ಅಕ್ಕ ತಡೆದರು. "ಹಾಗನ್ಬೇಡ. ಸಾಹೇಬ್ರಿಗೆ ಇದೆಲ್ಲ ಗೊತ್ತೇ ಇರಲ್ಲ" ಎಂದರು. ಆದ್ದರಿಂದ ಎಲ್ಲರೂ ಓದುವಂತೆ ಬರೆದಿದ್ದೇನೆ. ಈಗ ನಿಮಗೆ ಗೊತ್ತಾಯಿತು.

ಇಂತಿ,
ನಿಮ್ಮ ಮಾತಿಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ
ದೂರು ವಿಭಾಗದ ಒಬ್ಬ ಉದ್ಯೋಗಿ