ಕೋರೆಹಲ್ಲಿನ ಮೊನೆ

ಶುಕ್ರವಾರ, ಬೆಳಗ್ಗೆ

ನನ್ನ ಮೊಂಡು ಮಗಳಿಗೆ,

ಈ ಪತ್ರ ತಂದಿರುವ ಅಪ್ಪನಿಗೆ ಮೊದಲು ಕುಡಿಯಲು ನೀರು ಕೊಡು. ಆಮೇಲೆ ಅವರ ಕೈಯಲ್ಲಿರುವ ಡಬ್ಬಿಯನ್ನು ಮೆಲ್ಲಗೆ ಇಳಿಸಿಕೋ. ಒಳಗಿರುವುದು ನಿಮ್ಮ ಮ್ಯೂಸಿಯಂನ ಆ ಹಳೇ ಕಾಲದ ದವಡೆಯದೇ ಇನ್ನೊಂದು ಪ್ಲಾಸ್ಟರ್ ಪ್ರತಿ. ಹೋದ ವಾರ ಕಳಿಸಿದ್ದನ್ನು ಸೋಮವಾರ ಪ್ರದರ್ಶನ ತೆರೆಯುವ ಮೊದಲೇ ತೆಗೆದು ಇದನ್ನಿಡು. ಅದು ತಪ್ಪು.

ನೀನು ಕೊಟ್ಟ ಅಚ್ಚಿನಿಂದ ತೆಗೆದಾಗ ಕೋರೆಹಲ್ಲಿನ ಮೊನೆ ಅಕ್ಕಪಕ್ಕದ ಹಲ್ಲುಗಳಿಗಿಂತ ಮೇಲೆದ್ದಿತ್ತು. ಇಪ್ಪತ್ತಾರು ವರ್ಷ ಹಲ್ಲಿನ ಸೆಟ್ ಮಾಡಿದ ಕೈ ನೋಡು, ಎದ್ದದ್ದು ಕಂಡರೆ ಸುಮ್ಮನಿರುವುದಿಲ್ಲ. ಅಭ್ಯಾಸಬಲದಿಂದ ಅರ ಹಿಡಿದು ಉಜ್ಜಿ ಸಮ ಮಾಡಿಬಿಟ್ಟೆ. ಅಮ್ಮನ ಕೈ ತಪ್ಪುವುದಿಲ್ಲ ಎಂದು ಮೇಲಧಿಕಾರಿಗೆ ಹೇಳಿ ಈ ಕೆಲಸ ಕೊಡಿಸಿದವಳು ನೀನು. ನಿನ್ನ ಮೊದಲ ಪ್ರದರ್ಶನ ಬೇರೆ. ತಿಳಿದವರು ಯಾರಾದರೂ ನಿಜವಾದ ಮೂಳೆಯ ಪಕ್ಕ ಇಟ್ಟು ನೋಡಿದರೆ ಹೋಗುವುದು ನಿನ್ನ ಮಾನ.

ಹಾಗಂತ ಮನುಷ್ಯ ಕೋತಿಯಂಥದ್ದರಿಂದ ಬಂದ ಅನ್ನುವ ನಿನ್ನ ವಾದಕ್ಕೆ ಅಮ್ಮ ಸೋತಳು ಎಂದು ಕುಣಿಯಬೇಡ. ಒಂದು ಹಲ್ಲು ಬಾಯಲ್ಲಿ ಸರಿಯಾಗಿ ಕೂರಬೇಕಾದರೆ ನಾನು ಮೂರು ಸಲ ತಿದ್ದುತ್ತೇನೆ. ಮೂವತ್ತೆರಡು ಹಲ್ಲು, ಅವಕ್ಕೆ ತಕ್ಕ ನಾಲಿಗೆ, ಆ ನಾಲಿಗೆಯಲ್ಲಿ ಅಮ್ಮನಿಗೇ ಎದುರಾಡುವ ಮಗಳು, ಇಷ್ಟೆಲ್ಲ ಹೇಳುವವರು ಕೇಳುವವರು ಇಲ್ಲದೆ ಆಯಿತಂತೆ! ಒಗ್ಗಿದ್ದು ಉಳೀತಮ್ಮ, ಲಕ್ಷಗಟ್ಟಲೆ ವರ್ಷ ಹಿಡೀತು ಅಂದೆ ನೀನು. ಉಳಿದದ್ದು ಯಾಕೆ ಉಳಿಯಿತು ಅಂತ ಹೇಳಿದೆ, ಸರಿ. ಮೊದಲು ಬಂದದ್ದು ಹೇಗೆ? ಲಕ್ಷ ವರ್ಷ ಬಿಟ್ಟರೂ ನನ್ನ ಮೇಜಿನ ಮೇಲಿನ ಪ್ಲಾಸ್ಟರ್ ಪುಡಿ ಒಂದು ಹಲ್ಲೂ ಆಗುವುದಿಲ್ಲ ಕಣೇ. ನಮ್ಮ ಜಗಳ ಕೇಳಿ ಕೇಳಿ ಅಪ್ಪ, ನಿಮ್ಮ ಹಟ ನೋಡಿದ್ರೆ ಇಬ್ರೂ ಒಂದೇ ಮರದ ಕೋತಿಗಳು ಅಂದರು. ಅವತ್ತು ಅವರಿಗೆ ಊಟ ತಡವಾಯಿತು.

ಈ ಸಲ ಅರ ಮುಟ್ಟಿಲ್ಲ. ಅಚ್ಚಿನಲ್ಲಿ ಹೇಗಿತ್ತೋ ಹಾಗೇ ಇದೆ. ಬೈಯುವುದಿದ್ದರೆ ಫೋನಿನಲ್ಲಿ ಮನಸಾರೆ ಬೈದುಬಿಡು, ಮಾತು ಮಾತ್ರ ಬಿಡಬೇಡ.

ಇಂತಿ,
ಇನ್ನೂ ಒಪ್ಪದ ನಿನ್ನ ಅಮ್ಮ

ಇನ್ನೊಂದು ಮಾತು: ಡಬ್ಬಿ ಕಟ್ಟಿದ ಮೇಲೂ ಮನಸ್ಸು ತಡೆಯಲಿಲ್ಲ. ಅಭ್ಯಾಸಬಲ ಅಂತ ಮೇಲೆ ಬರೆದದ್ದು ಸುಳ್ಳು. ಆ ಮೊನೆ ಪೂರ್ತಿ ನಮ್ಮದೂ ಅಲ್ಲ, ಪೂರ್ತಿ ಕೋತಿಯದೂ ಅಲ್ಲ ಅನ್ನುವ ಹಾಗಿತ್ತು. ಎಲ್ಲಿ ನಿನ್ನ ಮಾತೇ ನಿಜವಾಗಿಬಿಡುತ್ತದೋ ಅಂತ ಹೆದರಿ, ಗೊತ್ತಿದ್ದೇ ಉಜ್ಜಿದೆ.